‘ಕನ್ನಡ ಸೇವೆ’ ಎಂಬ ಅಧ್ಯಾಯ ಮುಗಿದ ಮೇಲೆ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಪರೀಕ್ಷೆಗಾಗಿ ಓದಿದವರಿಗೆಲ್ಲ ಒಂದು ಪ್ರಶ್ನೆ ಪರಿಚಿತ: ‘ಕ್ರೈಸ್ತ ಮಿಷನರಿಗಳ ಕನ್ನಡ ಸೇವೆಯನ್ನು ಕುರಿತು ಬರೆಯಿರಿ.’ ಉತ್ತರವೂ ಬಾಯಿಪಾಠವೇ. ಹೆರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’. ಆಮೇಲೆ ಅವರು ಹಳೆಯ ಕಾವ್ಯಗಳನ್ನು, ದಾಸರ ಪದಗಳನ್ನು ಅಚ್ಚಿಗೆ ತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ. ಫರ್ಡಿನೆಂಡ್ ಕಿಟ್ಟೆಲ್ ಸಂಪಾದಿಸಿದ ‘ಶಬ್ದಮಣಿದರ್ಪಣ’ ಮತ್ತು ‘ಛಂದೋಂಬುಧಿ’. ಕೊನೆಗೆ, 1894ರಲ್ಲಿ ಬಂದ, ಸುಮಾರು 70 ಸಾವಿರ ಪದಗಳ ನಿಘಂಟು. ಜೊತೆಗೆ ಮಿಷನರಿಯೊಬ್ಬರ ಮಗ ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳನ್ನೂ ಸೇರಿಸಿ, ‘ಕನ್ನಡಿಗರು ಇವರಿಗೆ ಚಿರಋಣಿಗಳು’ ಎಂದು ಮುಗಿಸಿದರೆ ಹತ್ತಕ್ಕೆ ಎಂಟು ಅಂಕ ಖಚಿತ.

ಈ ಉತ್ತರದಲ್ಲಿರುವ ಸಂಗತಿಗಳೆಲ್ಲ ನಿಜ. ನನ್ನ ತಕರಾರಿರುವುದು ‘ಸೇವೆ’ ಎಂಬ ಪದದ ಬಗ್ಗೆ. ಪಂಪನ ಕನ್ನಡ ಸೇವೆ ಎಂದು ಯಾರೂ ಬರೆಯುವುದಿಲ್ಲ. ವಚನಕಾರರು ಸೇವೆ ಮಾಡಲಿಲ್ಲ, ಬರೆದರು. ನಾವು ಅವರನ್ನು ಓದುತ್ತೇವೆ, ಜಗಳವಾಡುತ್ತೇವೆ, ಮೆಚ್ಚುತ್ತೇವೆ, ಕೆಲವೊಮ್ಮೆ ಬಿಟ್ಟುಬಿಡುತ್ತೇವೆ. ಸೇವೆ ಮಾಡುವವರು ಹೊರಗಿನಿಂದ ಬಂದವರು. ಅವರಿಗೆ ಕೃತಜ್ಞತೆ ಸಲ್ಲಿಸಬಹುದು, ಪ್ರತಿಮೆ ನಿಲ್ಲಿಸಬಹುದು. ಓದಲೇಬೇಕು ಎಂದೇನಿಲ್ಲ. ಎಂ.ಜಿ. ರಸ್ತೆಯ ಕೊನೆಯಲ್ಲಿ, ಮೇಯೋ ಹಾಲ್ ಬಳಿ ಕಿಟ್ಟೆಲ್ ಪ್ರತಿಮೆಯಿದೆ. ಆಸ್ಟಿನ್ ಟೌನಿಗೆ ಅವರ ಹೆಸರನ್ನೂ ಇಟ್ಟಿದ್ದೇವೆ. ಅದೇ ಕಿಟ್ಟೆಲ್ 1862ರಲ್ಲಿ ಏಸುವಿನ ಬದುಕನ್ನು ಕನ್ನಡ ಕಾವ್ಯದ ಧಾಟಿಯಲ್ಲಿ ಹೇಳಿದ ‘ಕಥಾಮಾಲೆ’ಯನ್ನು ಕೃತಿಯಾಗಿ ಓದಿ, ಇದು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಹೇಳಿದವರು ಎಷ್ಟು ಮಂದಿ? ಮಾನ್ಯತೆ ಕೊಟ್ಟೆವು, ಓದು ಕೊಡಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ. ಮನೆಯೊಳಗೆ ತಮಿಳು, ಬೀದಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ. ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದ ಹೊಸತರಲ್ಲಿ, ಒಂದು ವಿಚಾರಸಂಕಿರಣದ ಊಟದ ಸಾಲಿನಲ್ಲಿ ನನ್ನ ಹೆಸರು ಕೇಳಿದ ಹಿರಿಯರೊಬ್ಬರು ಬಹಳ ಅಕ್ಕರೆಯಿಂದ, ‘ನಿಮ್ಮವರು ಕನ್ನಡಕ್ಕೆ ತುಂಬಾ ಮಾಡಿದ್ದಾರಮ್ಮ’ ಎಂದರು. ನನ್ನವರು ಅಂದರೆ ಯಾರು? ನಮ್ಮ ತಾತ ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವರು. ಜರ್ಮನಿಯ ಕಿಟ್ಟೆಲ್ ಸಾಹೇಬರಿಗೂ ಅವರಿಗೂ ಯಾವ ನಂಟೂ ಇಲ್ಲ. ಆ ಮಾತಿನಲ್ಲಿ ಪ್ರೀತಿಯಿತ್ತು, ಜೊತೆಗೆ ಒಂದು ವಿಂಗಡಣೆಯೂ ಇತ್ತು: ಕನ್ನಡ ಅವರದು, ಅದಕ್ಕೆ ‘ಮಾಡಿದವರು’ ನಮ್ಮವರು.

ಈ ವಿಂಗಡಣೆಗೆ ನಮ್ಮ ಬಡಾವಣೆಯ ಚರಿತ್ರೆಯೂ ಇಂಬು ಕೊಟ್ಟಿದೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯಾಯಿತು. ಸೈನ್ಯದ ಹಿಂದೆ ತಮಿಳು ನಾಡಿನಿಂದ ಸಿಪಾಯಿಗಳು, ಅಡಿಗೆಯವರು, ಕೂಲಿಗಳು, ವ್ಯಾಪಾರಿಗಳು ಬಂದರು. ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಇತ್ತು. ಪೇಟೆಯ ಬೆಂಗಳೂರಿನೊಡನೆ ಒಂದೇ ನಗರಪಾಲಿಕೆಯಾಗಿ ಕೂಡಿದ್ದು 1949ರಲ್ಲಿ. ಪೇಟೆಯಲ್ಲಿ ಮೈಸೂರು ಸಂಸ್ಥಾನದ ಕನ್ನಡ ಶಾಲೆ, ಪತ್ರಿಕೆ, ಪರಿಷತ್ತುಗಳು ಬೆಳೆಯುತ್ತಿದ್ದ ಹೊತ್ತಿನಲ್ಲಿ ಇತ್ತ ಬ್ಲಾಕ್‌ಪಳ್ಳಿಯಲ್ಲಿ, ಅಂದರೆ ಇಂದಿನ ಶಿವಾಜಿನಗರದಲ್ಲಿ, ಕನ್ನಡ ಅನೇಕ ಭಾಷೆಗಳಲ್ಲಿ ಒಂದಾಗಿತ್ತು ಅಷ್ಟೆ.

ಹಾಗೆಂದು ಇಲ್ಲಿನ ಕ್ರೈಸ್ತರಿಗೆ ಕನ್ನಡದ ನಂಟು ಇರಲಿಲ್ಲವೆಂದಲ್ಲ. ಸೇಂಟ್ ಮೇರೀಸ್ ಬೆಸಿಲಿಕಾ ಈಗ ಇರುವ ಗೋಥಿಕ್ ಕಟ್ಟಡವಾಗಿ ಪ್ರತಿಷ್ಠೆಗೊಂಡದ್ದು 1882ರಲ್ಲಿ, ಬೆಸಿಲಿಕಾ ಎಂಬ ಪದವಿ ಪಡೆದದ್ದು 1973ರಲ್ಲಿ. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಹುಲ್ಲು ಹೊದಿಸಿದ ಪುಟ್ಟ ಗುಡಿಯಿತ್ತು ಎಂದು ಇಲ್ಲಿನ ಚರ್ಚಿನ ಚರಿತ್ರೆ ಹೇಳುತ್ತದೆ. ಅದರ ಜೊತೆ ಬರುವ ಹೆಸರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್ ಅವರದು. ಮೈಸೂರು ಸೀಮೆಯಲ್ಲಿ ಇಲ್ಲಿನವರಂತೆಯೇ ಉಟ್ಟು, ಉಂಡು ಬದುಕಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎನ್ನುತ್ತಿದ್ದರು. ಹಿಂದೂ ಆಚಾರ ವಿಚಾರಗಳನ್ನು ಕುರಿತ ಅವರ ಹೆಸರಾಂತ ಪುಸ್ತಕದ ಬಹುಭಾಗ ಇನ್ನೊಬ್ಬ ಫ್ರೆಂಚ್ ಪಾದ್ರಿ ಕೂರ್ದೂ ಬರೆದಿಟ್ಟದ್ದರಿಂದ ಎತ್ತಿದ್ದೆಂದು 1980ರ ದಶಕದಲ್ಲಿ ಸಿಲ್ವಿಯಾ ಮುರ್ ತೋರಿಸಿಕೊಟ್ಟರು. ಆದರೆ ಅವರದೇ ಆದ ಇನ್ನೊಂದು ಪುಸ್ತಕವಿದೆ: ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿ ಕುರಿತ 1823ರ ಪತ್ರಗಳು. ಅದರಲ್ಲಿ ಅವರು, ಮೂರು ದಶಕ ಇಲ್ಲಿ ದುಡಿದ ಮೇಲೆ, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ ಎಂಬ ತೀರ್ಮಾನಕ್ಕೆ ಬರುತ್ತಾರೆ. ‘ಸೇವೆ’ಯ ಅಧ್ಯಾಯದಲ್ಲಿ ಇಂಥ ದುಬಾಯ್‌ಗೆ ಜಾಗವಿಲ್ಲ. ಕೃತಿಚೋರ, ನಿರಾಶಾವಾದಿ, ಜನ ಪ್ರೀತಿಸಿದ ಸ್ವಾಮಿ, ಮೂವರೂ ಒಬ್ಬನೇ ಮನುಷ್ಯ ಎಂಬುದನ್ನು ಹೇಳಲು ಕೃತಜ್ಞತೆಯ ಭಾಷೆ ಸಾಲದು, ವಿಮರ್ಶೆಯ ಭಾಷೆ ಬೇಕು.

ಆ ಅಧ್ಯಾಯದ ಇನ್ನೊಂದು ತೊಂದರೆ, ಅದು 1894ಕ್ಕೆ ನಿಂತುಬಿಡುತ್ತದೆ. ಕ್ರೈಸ್ತರ ಕನ್ನಡ ಅಲ್ಲಿಗೆ ನಿಲ್ಲಲಿಲ್ಲ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯನ್ನು ಜನರ ಮಾತಿನಲ್ಲಿ ನಡೆಸಲು ದಾರಿ ತೆರೆಯಿತು. ಲ್ಯಾಟಿನ್ ಹೋದ ಜಾಗಕ್ಕೆ ಬೆಂಗಳೂರಿನಲ್ಲಿ ಯಾವ ಭಾಷೆ ಬರಬೇಕು ಎಂಬ ಜಗಳ ದಶಕಗಳ ಕಾಲ ನಡೆಯಿತು. ಆ ಜಗಳದ ನಡುವೆಯೇ ಕನ್ನಡದಲ್ಲಿ ಒಂದು ಇಡೀ ಪದಕೋಶ ಸದ್ದಿಲ್ಲದೆ ರೂಢಿಗೆ ಬಂತು. ಪ್ರಾಟೆಸ್ಟಂಟರ ‘ಸುವಾರ್ತೆ’ಗೆ ಎದುರಾಗಿ ಕ್ಯಾಥೊಲಿಕರ ‘ಶುಭಸಂದೇಶ’, ‘ಧರ್ಮಸಭೆ’, ‘ಧರ್ಮಕೇಂದ್ರ’, ‘ಪರಮಪ್ರಸಾದ’, ‘ಜಪಸರ’, ‘ಪಾಪನಿವೇದನೆ’.

ಇವುಗಳಲ್ಲಿ ಒಂದು ಪದವನ್ನು ಮಾತ್ರ ಬಿಡಿಸಿ ನೋಡಿ: ‘ಬಲಿಪೂಜೆ’. ಕನ್ನಡ ಕಿವಿಗೆ ಬಲಿ ಎಂದೊಡನೆ ಮಾರಿಗುಡಿ, ಕೋಣ, ಕುರಿ ನೆನಪಾಗುತ್ತವೆ. ಪೂಜೆ ಎಂದೊಡನೆ ಹೂವು, ಹಣ್ಣು, ಮಂಗಳಾರತಿ. ಒಂದು ಊರ ಹೊರಗಿನದು, ಇನ್ನೊಂದು ಗರ್ಭಗುಡಿಯದು. ಬಲಿ ಕೊಡುವವರ ಜಾತಿ ಬೇರೆ, ಪೂಜೆ ಮಾಡುವವರ ಜಾತಿ ಬೇರೆ. ಪ್ರತಿ ಭಾನುವಾರ ಸಾವಿರಾರು ಜನ ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೂಡಿಸಿ ಹೇಳುತ್ತಾರೆ. ಇದನ್ನು ಕಟ್ಟಿದವರಿಗೆ ಜಾತಿಯ ಗೆರೆ ಅಳಿಸುವ ಉದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ಕ್ರಿಸ್ತನ ಬಲಿ ಎಂಬ ದೇವಶಾಸ್ತ್ರದ ಅರ್ಥಕ್ಕೆ ಹತ್ತಿರದ ಪದ ಹುಡುಕಿದರು, ಅಷ್ಟೆ. ಆದರೆ ಪದಗಳು ಉದ್ದೇಶ ಮೀರಿ ಬದುಕುತ್ತವೆ. ವಚನಕಾರರು ಒಂದು ಪದವನ್ನು ತಿರುಗಿಸಿದರೆ ನಾವು ಪುಟಗಟ್ಟಲೆ ಬರೆಯುತ್ತೇವೆ. ಈ ಪದದ ಬಗ್ಗೆ ಒಂದು ಪುಟ ಬರೆಯುವಷ್ಟು ಕುತೂಹಲವನ್ನೂ ನಮ್ಮ ವಿಮರ್ಶೆ ತೋರಿಸಿಲ್ಲ.

ಕನ್ನಡ ಕ್ರೈಸ್ತಧರ್ಮದ ಬಗ್ಗೆ ಮೌನವಾಗಿದೆಯೇ ಎಂದರೆ, ಅದೂ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಬರೆದರು. ಬುದ್ಧನ ಕೊನೆಯನ್ನು ‘ವೈಶಾಖಿ’ಯಲ್ಲಿ ಬರೆದರು. ಪ್ರಾಸದ ಕಟ್ಟನ್ನು ಬಿಟ್ಟ ಕವಿ, ಹಲವು ಭಾಷೆ ಬಲ್ಲ ವಿದ್ವಾಂಸ, ಮತಪ್ರಚಾರದ ಯಾವ ಹಂಗೂ ಇಲ್ಲದೆ ಶಿಲುಬೆಯ ಮುಂದೆ ನಿಂತರು. ಇದು ಕನ್ನಡದ ದೊಡ್ಡ ಔದಾರ್ಯ. ಕಿಟ್ಟೆಲ್ ಅವರ ‘ಕಥಾಮಾಲೆ’ಯ ಪಕ್ಕದಲ್ಲಿ ಇದನ್ನಿಟ್ಟರೆ ಒಂದು ಸ್ವಾರಸ್ಯ ಕಾಣುತ್ತದೆ. ಪರದೇಶಿ ಮಿಷನರಿ ಕ್ರಿಸ್ತನನ್ನು ಕನ್ನಡದವನನ್ನಾಗಿ ಮಾಡಲು ಇಲ್ಲಿನ ಛಂದಸ್ಸು ಹಿಡಿದರು; ಕನ್ನಡದ ಕವಿಗೆ ಕ್ರಿಸ್ತ ಆಗಲೇ ತನ್ನವನು. ಅವರು ಅವನನ್ನು ದೂರದ ಜೆರುಸಲೇಮಿನಲ್ಲಿಯೇ ಬಿಟ್ಟು, ಅಲ್ಲಿಗೇ ನಮ್ಮನ್ನು ಕರೆದೊಯ್ದರು.

ಆದರೆ ‘ಗೊಲ್ಗೊಥಾ’ದ ಕ್ರಿಸ್ತನಿಗೆ ಚರ್ಚಿಲ್ಲ. ಅವನ ಹಿಂದೆ ಭಾನುವಾರದ ಜನಜಂಗುಳಿಯಿಲ್ಲ, ಜಾತಿಯಿಲ್ಲ, ಶಿವಾಜಿನಗರದಂಥ ಬೀದಿಯಿಲ್ಲ. ಹಿಂಸೆಯ ಎದುರು ನಿಂತ ಏಕಾಕಿ ಮಹಾಪುರುಷ ಅವನು. ಗಾಂಧಿಯುಗದ ಕನ್ನಡಕ್ಕೆ ಅವನನ್ನು ಬುದ್ಧನ ಪಕ್ಕ ಕೂರಿಸುವುದು ಸುಲಭವಾಗಿತ್ತು. ಕಷ್ಟವಾದದ್ದು ಕ್ರಿಸ್ತನಲ್ಲ, ಕ್ರೈಸ್ತ: ನೆರೆಮನೆಯವನಾಗಿ ಬಂದು, ಹೆಣ್ಣು ಗಂಡು, ಭೂಮಿ, ಸಾಲ, ಮರ್ಯಾದೆಗಳ ನಡುವೆ ಬದುಕುವ ಕ್ರೈಸ್ತ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ಕಷ್ಟಕ್ಕೆ ಕೈಹಾಕಿತು. ಅಲ್ಲಿ ಬರುವ ಉಪದೇಶಿ ಜೀವರತ್ನಯ್ಯ, ಮಲೆನಾಡಿನವರ ಬಾಯಲ್ಲಿ ‘ಕಿಲಸ್ತರು’ ಆಗುವ ಕ್ರೈಸ್ತರು, ಆ ‘ಬೀಸೇಕಲ್ಲಿನ’ ಸವಾರಿ ಇವನ್ನೆಲ್ಲ ಮರೆಯುವಂತಿಲ್ಲ. ಕಾದಂಬರಿ ಉಪದೇಶಿಯನ್ನು ನೋಡಿ ನಗುತ್ತದೆ. ಆದರೆ ಬೆಟ್ಟಳ್ಳಿಯ ದೇವಯ್ಯನಂಥ ತರುಣನಿಗೆ ಆ ಕಡೆಯ ಸೆಳೆತ ಏಕೆ ಹುಟ್ಟಿತು ಎಂಬುದನ್ನು ಅದು ನಗೆಯಲ್ಲಿ ತೇಲಿಸಿಬಿಡುವುದಿಲ್ಲ. ಊರಿನ ಕಟ್ಟು ಉಸಿರುಗಟ್ಟಿಸುವಾಗ ಮತಾಂತರ ಒಂದು ಕಿಟಕಿಯಂತೆ ಕಾಣುತ್ತದೆ. ಕಿಟಕಿಯಾಚೆ ಇರುವುದೇನು ಎಂಬುದು ಮಾತ್ರ ಕಾದಂಬರಿಯ ಆಸಕ್ತಿಯಲ್ಲ. ಅಲ್ಲಿನ ಕ್ರೈಸ್ತ ಮಲೆನಾಡಿನ ಒಳಗಿನ ಬಿಕ್ಕಟ್ಟನ್ನು ತೋರಿಸುವ ಕನ್ನಡಿ. ಅವನ ಸ್ವಂತ ಮುಖ ನಮಗೆ ಅಷ್ಟಾಗಿ ಕಾಣುವುದಿಲ್ಲ.

ಆ ಮುಖವನ್ನು ತೋರಿಸಿದವರು ನಾ. ಡಿಸೋಜ. 1937ರಲ್ಲಿ ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿ, 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, 2025ರ ಜನವರಿಯಲ್ಲಿ ತೀರಿಕೊಂಡ ಅವರನ್ನು ನಾವು ಮುಳುಗಡೆಯ ಲೇಖಕ ಎಂದೇ ಗುರುತಿಸುತ್ತೇವೆ. ಶರಾವತಿಯ ಅಣೆಕಟ್ಟಿನ ನೀರು ಏರುತ್ತಾ ಮನೆ ಮುಳುಗುವುದನ್ನು ನೋಡುವ ‘ದ್ವೀಪ’ದ ಗಣಪಯ್ಯ, ನಾಗವೇಣಿಯರನ್ನು ಕಂಡವರು ಯಾರೂ ಇದನ್ನು ಕ್ರೈಸ್ತರೊಬ್ಬರ ಕನ್ನಡ ಸೇವೆ ಎನ್ನುವುದಿಲ್ಲ. ಅದೇ ಅವರ ಗೆಲುವು. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯಲ್ಲಿ ಅವರು ಘಟ್ಟ ಹತ್ತಿ ಬಂದು ಮಲೆನಾಡಿನಲ್ಲಿ ಬೇರೂರಿದ ಕ್ರೈಸ್ತರ ಕಡೆಗೆ ತಿರುಗಿದರು. ಹೆಸರನ್ನೇ ಗಮನಿಸಿ: ಕತೆಯಿರುವುದು ಇಗರ್ಜಿಯಲ್ಲಲ್ಲ, ಅದರ ಸುತ್ತಲಿನ ಮನೆಗಳಲ್ಲಿ. ಧರ್ಮ ಒಂದು ತತ್ತ್ವವಾಗಿ ಬರದೆ ಅಡಿಗೆಮನೆ, ಹಬ್ಬ, ಮದುವೆ, ಮನಸ್ತಾಪಗಳ ಮೂಲಕ ಬರುತ್ತದೆ. ಇಗರ್ಜಿ ಎಂಬ ಪದವೂ ಪೋರ್ಚುಗೀಸಿನಿಂದ ಕೊಂಕಣಿಗೆ ಇಳಿದು, ಘಟ್ಟ ಹತ್ತಿ ಕನ್ನಡಕ್ಕೆ ಬಂದದ್ದು, ಆ ಮನೆಗಳ ಜನರಂತೆಯೇ.

ಡಿಸೋಜರನ್ನು ಬರೀ ಮೆಚ್ಚಿದರೆ ನಾನೂ ಸೇವೆಯ ಅಧ್ಯಾಯವನ್ನೇ ಮುಂದುವರಿಸಿದಂತೆ. ಅವರ ಗದ್ಯ ಸರಳ, ಕೆಲವೆಡೆ ಬೇಕಾದ್ದಕ್ಕಿಂತ ಹೆಚ್ಚು ಸರಳ. ಪಾತ್ರಗಳ ಒಳಗಿನ ಧಾರ್ಮಿಕ ಸಂಶಯ, ಪಾಪಪ್ರಜ್ಞೆ, ನಂಬಿಕೆಯ ಕುಸಿತ ಇವುಗಳ ಆಳಕ್ಕೆ ಅವರು ಇಳಿಯುವುದು ಕಡಿಮೆ. ಅನಂತಮೂರ್ತಿಯವರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ ತನ್ನ ಧರ್ಮದ ಜೊತೆ ನಡೆಸುವ ಹೋರಾಟಕ್ಕೆ ಸಮನಾದದ್ದನ್ನು ಡಿಸೋಜರ ಕ್ರೈಸ್ತರಲ್ಲಿ ನಾನು ಕಂಡಿಲ್ಲ. ಅವರ ಕಣ್ಣು ಸಮುದಾಯದ ಮೇಲಿದೆ, ಆತ್ಮದ ಮೇಲಲ್ಲ. ಇದನ್ನು ಹೇಳುವುದು ಅಗೌರವವಲ್ಲ. ಕನ್ನಡದ ಕಾದಂಬರಿಕಾರರೊಬ್ಬರಿಗೆ ಕೊಡಬೇಕಾದ ಸಾಮಾನ್ಯ ಮರ್ಯಾದೆ ಇದು.

ಇಲ್ಲಿ ಕ್ರೈಸ್ತರ ಕಡೆಯ ಲೆಕ್ಕವನ್ನೂ ನೋಡಬೇಕು. ರಾಜಕೀಯ, ಸಂಸ್ಕೃತಿ, ಧರ್ಮಗಳ ಬಗ್ಗೆ ಬೆಂಗಳೂರಿನ ಕ್ರೈಸ್ತರು ಯೋಚಿಸಲಿಲ್ಲವೇ? ತುಂಬಾ ಯೋಚಿಸಿದರು. ಶಿವಾಜಿನಗರದಿಂದ ನಡೆದೇ ಹೋಗಬಹುದಾದ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಒಂದು ಶತಮಾನಕ್ಕೂ ಮೀರಿ ನಡೆದಿದೆ. 1957ರಲ್ಲಿ ಪಿ.ಡಿ. ದೇವನಂದನ್ ಇದೇ ನಗರದಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದೇ ಒಂದು ಕ್ರೈಸ್ತ ಸಂಸ್ಥೆ ಕಟ್ಟಿದರು. ಅವರ ನಂತರ ಎಂ.ಎಂ. ಥಾಮಸ್ ಅದನ್ನು ನಡೆಸಿದರು. ಥಾಮಸ್ ಸಾಮಾನ್ಯ ಚಿಂತಕರಲ್ಲ. ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದವರು. ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರಾದವರು. 1969ರ ಅವರ ಹೆಸರಾಂತ ಪುಸ್ತಕ, ಭಾರತದ ನವೋದಯ ಕ್ರಿಸ್ತನನ್ನು ಹೇಗೆ ತನ್ನದೇ ರೀತಿಯಲ್ಲಿ ಒಪ್ಪಿಕೊಂಡಿತು ಎಂದು ವಿವರಿಸುತ್ತದೆ. ಅದರ ಅಧ್ಯಾಯಗಳು ರಾಮಮೋಹನ ರಾಯ್, ಕೇಶವಚಂದ್ರ ಸೇನ್, ವಿವೇಕಾನಂದ, ರಾಧಾಕೃಷ್ಣನ್, ಗಾಂಧಿ ಇವರ ಸುತ್ತ ಇವೆ. ಆ ವಾದಕ್ಕೆ ‘ಗೊಲ್ಗೊಥಾ’ಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಆದರೆ ಕನ್ನಡಕ್ಕೆ ಅಲ್ಲಿ ಅಧ್ಯಾಯವಿಲ್ಲ.

ಹೀಗೆ ಒಂದೇ ನಗರದಲ್ಲಿ ಎರಡು ಲೋಕಗಳು ಬೆನ್ನು ಹಾಕಿ ಕೂತವು. ಕ್ರೈಸ್ತರ ಪ್ರಾರ್ಥನೆ ಕನ್ನಡದಲ್ಲಿ, ತಮಿಳಿನಲ್ಲಿ. ಅವರ ಚಿಂತನೆ ಇಂಗ್ಲಿಷಿನಲ್ಲಿ. ಬಲಿಪೂಜೆ ಎಂಬ ಪದ ಆಡುವವರಿಗೆ ಥಾಮಸರ ವಾದ ತಲುಪಲಿಲ್ಲ. ಥಾಮಸರ ಓದುಗರಿಗೆ ಆ ಪದ ತಲುಪಲಿಲ್ಲ. ಕನ್ನಡದ ನವ್ಯ, ಬಂಡಾಯ, ದಲಿತ ಚರ್ಚೆಗಳು ಕಾವೇರಿದ ವರ್ಷಗಳಲ್ಲಿ ನಮ್ಮ ಬೀದಿಯಾಚೆ ನಡೆಯುತ್ತಿದ್ದ ಈ ಚಿಂತನೆ ಅವುಗಳ ಕಿವಿಗೆ ಬೀಳಲೇ ಇಲ್ಲವೆನ್ನುವಷ್ಟು ದೂರ ಉಳಿಯಿತು. ಅದು ಎರಡೂ ಕಡೆಯವರಿಗೆ ಆದ ನಷ್ಟ.

ಚಿಂತನೆ ಇಲ್ಲದ ಜಾಗವನ್ನು ಲೆಕ್ಕದ ಪುಸ್ತಕ ತುಂಬುತ್ತದೆ. ಚರ್ಚಿನ ಮೇಲೆ ಕಲ್ಲು ಬಿದ್ದಾಗ, 2021ರ ಡಿಸೆಂಬರಿನಲ್ಲಿ ಮತಾಂತರ ತಡೆಯ ಮಸೂದೆ ಬೆಳಗಾವಿಯ ಅಧಿವೇಶನದಲ್ಲಿ ಮಂಡನೆಯಾದಾಗ, ನಮ್ಮ ಕಡೆಯಿಂದ ಮೊದಲು ಕೇಳಿಬರುವ ಮಾತು: ನಾವು ನಿಘಂಟು ಕೊಟ್ಟೆವು, ಶಾಲೆ ಕೊಟ್ಟೆವು, ಆಸ್ಪತ್ರೆ ಕೊಟ್ಟೆವು. ಈ ಮಾತು ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಪೌರತ್ವಕ್ಕೆ ರಸೀದಿ ತೋರಿಸಬೇಕೇ? ಮೂಟೆ ಹೊತ್ತ ನಮ್ಮ ತಾತ ನಿಘಂಟು ಕೊಡಲಿಲ್ಲ. ಅದರಿಂದ ಅವರ ಪಾಲು ಕಡಿಮೆಯಾಗುತ್ತದೆಯೇ? ಲೆಕ್ಕ ಒಪ್ಪಿಸಿ ಬದುಕುವ ಸಮುದಾಯ ತನ್ನೊಳಗಿನ ಹುಳುಕನ್ನು ಬಾಯಿಬಿಟ್ಟು ಹೇಳಲಾರದು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರೂ ದಲಿತ ಕ್ರೈಸ್ತರು ಇಂದಿಗೂ ಹೊರಗಿದ್ದಾರೆ. ಅವರು ಸರ್ಕಾರದ ಮುಂದೆ ‘ನಮ್ಮಲ್ಲೂ ಜಾತಿಯಿದೆ’ ಎನ್ನಬೇಕು, ಪೀಠದ ಮುಂದೆ ‘ಜಾತಿಯೇಕೆ’ ಎಂದು ಕೇಳಬೇಕು. ಈ ಇಬ್ಬಾಯಿ ಕತ್ತಿಯ ಮೇಲೆ ನಿಂತವರ ಅನುಭವ ಕನ್ನಡ ಆತ್ಮಕತೆಗಳಲ್ಲಿ, ಕಾದಂಬರಿಗಳಲ್ಲಿ ಎಷ್ಟು ಬಂದಿದೆ? ಬಲಿ ಮತ್ತು ಪೂಜೆಗಳನ್ನು ಒಂದೇ ಪದದಲ್ಲಿ ಕಟ್ಟಿದ ಭಾಷೆಗೆ ಇದು ಆಗದ ಕೆಲಸವಲ್ಲ.

2025ರ ಸೆಪ್ಟೆಂಬರ್ 8ರ ಹಬ್ಬದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಸಿಲಿಕಾದಲ್ಲಿ ನಿಂತು, ಶಿವಾಜಿನಗರದ ಮೆಟ್ರೊ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿಡಲು ಶಿಫಾರಸು ಮಾಡುವುದಾಗಿ ಹೇಳಿದರು. ಇದು ಶಿವಾಜಿಗೆ ಅವಮಾನ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿಯೇ ಮಾತಾಡಿದರು. ಶಂಕರ್‌ನಾಗ್ ಹೆಸರಿಡಿ ಎಂದವರೂ ಇದ್ದರು. ಒಂದೇ ವಾರದಲ್ಲಿ ನಮ್ಮ ಬಡಾವಣೆ ರಾಜ್ಯದ ಸುದ್ದಿಯಾಯಿತು. ಆ ಚರ್ಚೆಯಲ್ಲಿ ಹೆಸರುಗಳಿದ್ದವು, ಜನರಿರಲಿಲ್ಲ. ಅದೇ ಹಬ್ಬದಲ್ಲಿ ಕಾವಿ ಬಣ್ಣದ ಬಟ್ಟೆ ತೊಟ್ಟು ಹರಕೆ ಹೊತ್ತು ಬರುವ ಹೆಂಗಸರು, ಸೀರೆ ಉಟ್ಟ ಆರೋಗ್ಯ ಮಾತೆ, ತೇರು ಎಳೆಯುವಾಗ ಜಾತಿ ಧರ್ಮ ಕೇಳದೆ ಕೈಹಾಕುವ ನೆರೆಹೊರೆ ಯಾರ ವಾದಕ್ಕೂ ಬೇಕಾಗಲಿಲ್ಲ. ಪ್ರತಿಮೆಯಂತೆ ನಿಲ್ದಾಣವೂ ಒಂದು ಮಾನ್ಯತೆ. ಕೊಟ್ಟವರಿಗೂ ಕೊಡಬೇಡಿ ಎಂದವರಿಗೂ ಆ ತೇರಿನ ಹಿಂದಿನ ಜನರ ಕತೆ ಓದುವ ಅಗತ್ಯ ಬೀಳಲಿಲ್ಲ.

ಆದ್ದರಿಂದ ನನ್ನ ಜೊತೆ ಸಂಶೋಧನೆ ಮಾಡುತ್ತಿರುವ ಗೆಳೆಯ ಗೆಳತಿಯರಲ್ಲಿ ಒಂದು ಕೋರಿಕೆ. ‘ಕಥಾಮಾಲೆ’ಯನ್ನು ಷಟ್ಪದಿ ಕಾವ್ಯಗಳ ಸಾಲಿನಲ್ಲಿಟ್ಟು ಓದಿ, ಕೆಟ್ಟದಾಗಿದ್ದರೆ ಕೆಟ್ಟದೆನ್ನಿ. ‘ಗೊಲ್ಗೊಥಾ’ವನ್ನು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಜೊತೆಗಿಟ್ಟು, ಕ್ರಿಸ್ತನನ್ನು ಒಪ್ಪಿದ ಕನ್ನಡ ಕ್ರೈಸ್ತನ ಮನೆಬಾಗಿಲಲ್ಲಿ ಏಕೆ ತಡವರಿಸಿತು ಎಂದು ಕೇಳಿ. ಕ್ಯಾಥೊಲಿಕರ ಕನ್ನಡ ಪೂಜಾವಿಧಿಯನ್ನು ಭಾಷಾಶಾಸ್ತ್ರದ ವಸ್ತುವಾಗಿ ಕೈಗೆತ್ತಿಕೊಳ್ಳಿ. ಮಿಲ್ಲರ್ಸ್ ರಸ್ತೆಯ ಗ್ರಂಥಾಲಯದಲ್ಲಿ ಇಂಗ್ಲಿಷಿನಲ್ಲಿ ಕೂತಿರುವ ವಾದಗಳನ್ನು ಕನ್ನಡಕ್ಕೆ ತಂದು ಅವುಗಳೊಡನೆ ಜಗಳವಾಡಿ. ಚಿರಋಣಿಗಳಾಗಿರುವುದು ಸಾಕು. ಋಣದ ಭಾರ ಇಳಿಸಿದಮೇಲೆ ಓದುವ ಕೆಲಸ ಶುರುವಾಗುತ್ತದೆ. ಓದಿಸಿಕೊಳ್ಳಬೇಕಾದವರು ಅತಿಥಿಗಳಲ್ಲ, ಇದೇ ಮನೆಯವರು.